ದುಬೈಗೆ ಮೆಣಸಿನಕಾಯಿ ಕಳಿಸುವವರಿಗೆ: ಮಾಲಿಗಿಂತ ಮೊದಲು ಕಾಗದ

ಬ್ಯಾಡಗಿ ಮಾರುಕಟ್ಟೆಯಲ್ಲಿ ಸೋಮವಾರ, ಗುರುವಾರ ಲಾಟ್ ಹಿಡಿಯುವವರಲ್ಲಿ ಎಷ್ಟೋ ಜನ ನನ್ನನ್ನು ಕೇಳುವುದು ಒಂದೇ ಪ್ರಶ್ನೆ. "ಅಣ್ಣಾ, ದುಬೈಗೆ ನಾವೂ ಕಳಿಸಬಹುದಾ?" ಖಂಡಿತ ಕಳಿಸಬಹುದು. ಅದಕ್ಕೆ ದೊಡ್ಡ ಕಂಪನಿ ಬೇಡ, ಮುಂಬೈಯಲ್ಲಿ ಆಫೀಸು ಬೇಡ. ಒಳ್ಳೆ ಮಾಲು ಗುರುತಿಸುವುದು ನಿಮಗೆ ಮೊದಲೇ ಗೊತ್ತು, ಆದ್ದರಿಂದ ಅರ್ಧ ಕೆಲಸ ಆಗಲೇ ಮುಗಿದಿದೆ. ಇನ್ನರ್ಧ ಕಾಗದದ ಕೆಲಸ, ಜನ ಎಡವುವುದೂ ಅಲ್ಲೇ. ಹಾಗಾಗಿ ಈ ಬರಹದಲ್ಲಿ ಮೆಣಸಿನಕಾಯಿಗಿಂತ ಕಾಗದದ ಮಾತೇ ಜಾಸ್ತಿ ಬರುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು, ಯುಎಇ ಯಾಕೆ ಅಂತ ಹೇಳಿಬಿಡುತ್ತೇನೆ. ಅದು ಕಚ್ಚಾ ತೈಲ ಮಾರುವ ದೇಶ. ನೆಲ ಮರುಭೂಮಿ, ತಿನ್ನುವುದರಲ್ಲಿ ದೊಡ್ಡ ಪಾಲು ಹೊರಗಿನಿಂದಲೇ ಬರಬೇಕು. ನಮ್ಮದು ತೈಲ ಕೊಳ್ಳುವ, ಕಾಳು ಕಡಿ ಬೆಳೆಯುವ ದೇಶ. ಮಂಗಳೂರಿನ ನೆಲದಡಿಯಲ್ಲಿ ಬಂಡೆ ಕೊರೆದು ಮಾಡಿರುವ ತೈಲ ಸಂಗ್ರಹಾಗಾರ ಇದೆಯಲ್ಲ, ಅಲ್ಲಿ ಅಬುಧಾಬಿಯ ತೈಲ ಕಂಪನಿ 2018ರಿಂದಲೇ ತನ್ನ ಕಚ್ಚಾ ತೈಲ ತಂದು ಇಟ್ಟಿದೆ. ಅಲ್ಲಿಂದ ತೈಲ ಬರುತ್ತದೆ, ಇಲ್ಲಿಂದ ಅಕ್ಕಿ, ಮಸಾಲೆ, ಬಟ್ಟೆ, ಒಡವೆ, ಯಂತ್ರ ಹೋಗುತ್ತದೆ. 2024–25ರಲ್ಲಿ ಎರಡೂ ಕಡೆಯ ವ್ಯಾಪಾರ ಸೇರಿ 10,000 ಕೋಟಿ ಡಾಲರ್ ದಾಟಿತು. ಅದರಲ್ಲಿ ನಾವು ಮಾರುವುದಕ್ಕಿಂತ ಕೊಳ್ಳುವುದೇ ಜಾಸ್ತಿ, ತೈಲ ಮತ್ತು ಚಿನ್ನದ ದೆಸೆಯಿಂದ. ಹಾಗಿದ್ದರೂ ಅಮೆರಿಕ ಬಿಟ್ಟರೆ ನಮ್ಮ ಮಾಲು ಅತಿ ಹೆಚ್ಚು ಹೋಗುವುದು ಯುಎಇಗೇ. ಅಲ್ಲಿ 35 ಲಕ್ಷಕ್ಕೂ ಜಾಸ್ತಿ ಭಾರತೀಯರಿದ್ದಾರೆ, ಅವರ ನಡುವೆ ಮಂಗಳೂರು, ಉಡುಪಿ, ಭಟ್ಕಳದ ಕಡೆಯವರು ಎಷ್ಟು ಮಂದಿ ಅಂತ ಕರಾವಳಿಯ ಯಾವ ಮನೆಯಲ್ಲಿ ಕೇಳಿದರೂ ಹೇಳುತ್ತಾರೆ. ಅವರಿಗೆಲ್ಲ ಕೋಳಿ ಸಾರಿಗೆ ಬ್ಯಾಡಗಿ ಮೆಣಸೇ ಬೇಕು.

ಈ ನಂಟು ಹೊಸದೇನಲ್ಲ. 1960ರ ದಶಕದ ನಡುವಿನವರೆಗೆ ಆ ಕರಾವಳಿಯಲ್ಲಿ ಓಡುತ್ತಿದ್ದದ್ದು ರೂಪಾಯಿಯೇ. 1959ರಿಂದ ನಮ್ಮ ರಿಸರ್ವ್ ಬ್ಯಾಂಕ್ ಅಲ್ಲಿಗೆಂದೇ 'ಗಲ್ಫ್ ರೂಪಾಯಿ' ಅಂತ ಬೇರೆ ನೋಟು ಅಚ್ಚು ಹಾಕಿ ಕೊಡುತ್ತಿತ್ತು.

ಈಗ ನಮಗೆ ಲಾಭವಾಗುವ ವಿಷಯಕ್ಕೆ ಬರೋಣ. ಎರಡೂ ದೇಶ 2022ರ ಫೆಬ್ರವರಿ 18ರಂದು ಒಂದು ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿದವು, ಅದು ಅದೇ ವರ್ಷ ಮೇ 1ರಿಂದ ಜಾರಿಗೆ ಬಂತು. ವ್ಯಾಪಾರಸ್ಥರ ಬಾಯಲ್ಲಿ ಅದು 'ಸೆಪಾ'. ಕೊಲ್ಲಿ ದೇಶಗಳಲ್ಲಿ ಆಮದು ಸುಂಕ ಸಾಮಾನ್ಯವಾಗಿ 5%. ಸೆಪಾ ಅಡಿಯಲ್ಲಿ ಯುಎಇಯಲ್ಲಿ ನಮ್ಮ ಬಹುಪಾಲು ಮಾಲಿಗೆ ಅದು ಸೊನ್ನೆ. ಆದರೆ ತಾನಾಗಿಯೇ ಸೊನ್ನೆ ಆಗುವುದಿಲ್ಲ. 'ಈ ಮಾಲು ಭಾರತದ್ದೇ' ಅನ್ನುವ ಮೂಲ ಪ್ರಮಾಣಪತ್ರ ಜೊತೆಗೆ ಹೋದರೆ ಮಾತ್ರ.

ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. ನಿಮ್ಮ ಮಾಲಿನ ಬೆಲೆ, ಹಡಗು ಬಾಡಿಗೆ, ವಿಮೆ ಎಲ್ಲ ಸೇರಿ 1,00,000 ದಿರ್ಹಮ್ ಅಂದುಕೊಳ್ಳಿ. ಸುಂಕ ಬೀಳುವ ಮಾಲಾದರೆ 5,000 ದಿರ್ಹಮ್ ಸುಂಕ. ಆಮೇಲೆ 1,05,000ದ ಮೇಲೆ 5% ವ್ಯಾಟ್, ಅಂದರೆ 5,250. ಸೆಪಾ ಪ್ರಮಾಣಪತ್ರ ಇದ್ದರೆ ಸುಂಕ ಇಲ್ಲ, ವ್ಯಾಟ್ ಬರೀ 5,000. ವ್ಯಾಟ್ ನೋಂದಣಿ ಇರುವ ವ್ಯಾಪಾರಿ ಆ ದುಡ್ಡನ್ನು ಮುಂದೆ ಹೊಂದಿಸಿಕೊಳ್ಳುತ್ತಾನೆ, ಆದ್ದರಿಂದ ಅವನಿಗೆ ನಿಜವಾಗಿ ಉಳಿಯುವುದು ಆ 5,000. ಗಮನಿಸಿ, ಉಳಿಯುವುದು ಅವನಿಗೆ, ನಿಮಗಲ್ಲ. ಸುಂಕ ಕಟ್ಟುವವನು ಕೊಳ್ಳುವವನೇ ಅಲ್ವಾ. ನಿಮ್ಮ ಪಾಲು ಬೇಕಿದ್ದರೆ ರೇಟ್ ಮಾತಾಡುವಾಗಲೇ "ಸೆಪಾ ಪತ್ರ ನಾನು ಕೊಡುತ್ತೇನೆ" ಅಂತ ಹೇಳಿ ಕೇಳಬೇಕು. ಇನ್ನೊಂದು ಮಾತು: ಕೆಲವು ಆಹಾರ ಪದಾರ್ಥಗಳಿಗೆ ಅಲ್ಲಿ ಮೊದಲಿನಿಂದಲೂ ಸುಂಕವೇ ಇಲ್ಲ. ಹಾಗಾಗಿ ನಿಮ್ಮ ಮಾಲಿನ ಕೋಡ್ (ಕಸ್ಟಮ್ಸ್‌ನಲ್ಲಿ ಪ್ರತಿ ಬಗೆಯ ಮಾಲಿಗೂ ಇರುವ ನಂಬರ್) ಹಿಡಿದು ಅಲ್ಲಿನ ಸುಂಕ ಎಷ್ಟು ಅಂತ ಕೊಳ್ಳುವವನ ಕ್ಲಿಯರಿಂಗ್ ಏಜೆಂಟ್ ಹತ್ತಿರ ಮೊದಲೇ ಬರಹದಲ್ಲಿ ಕೇಳಿಸಿಕೊಳ್ಳಿ.

ನೋಂದಣಿಗಳು: ಇದನ್ನು ಬೇಗ ಮುಗಿಸಿಬಿಡಿ

ಮೊದಲು ಐಇಸಿ, ಅಂದರೆ ಆಮದು–ರಫ್ತು ಕೋಡ್. ಕೇಂದ್ರ ಸರ್ಕಾರದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ, ಅಂದರೆ ಡಿಜಿಎಫ್‌ಟಿಯ ವೆಬ್‌ಸೈಟಿನಲ್ಲಿ ನೀವೇ ಮಾಡಿಕೊಳ್ಳಬಹುದು, ಸರ್ಕಾರಿ ಶುಲ್ಕ 500 ರೂಪಾಯಿ. ಪ್ಯಾನ್ ನಂಬರೇ ನಿಮ್ಮ ಐಇಸಿ ನಂಬರ್ ಆಗುತ್ತದೆ. ಇದಕ್ಕೆ ಐದಾರು ಸಾವಿರ ಕೇಳುವವರಿದ್ದಾರೆ, ಸುಮ್ನೆ ಕೊಡಬೇಡಿ. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಒಂದು ಸಲ ಒಳಹೋಗಿ ವಿವರ ಸರಿ ಇದೆ ಅಂತ ಖಚಿತಪಡಿಸಬೇಕು. ಏನೂ ಬದಲಾಗಿಲ್ಲದಿದ್ದರೂ ಖಚಿತಪಡಿಸಲೇಬೇಕು, ಇಲ್ಲದಿದ್ದರೆ ಕೋಡ್ ನಿಷ್ಕ್ರಿಯವಾಗುತ್ತದೆ, ಅದು ಗೊತ್ತಾಗುವುದು ಮಾಲು ಬಂದರಿನಲ್ಲಿ ನಿಂತಾಗ.

ಮೆಣಸಿನಕಾಯಿ ಮಸಾಲೆ ಪದಾರ್ಥವಾದ್ದರಿಂದ ಮಸಾಲೆ ಮಂಡಳಿಯ ರಫ್ತುದಾರ ನೋಂದಣಿ ಬೇಕೇ ಬೇಕು. ಅದಿಲ್ಲದೆ ಮಸಾಲೆ ರಫ್ತು ಮಾಡುವುದು ಕಾನೂನಿಗೆ ವಿರುದ್ಧ. ತರಕಾರಿ, ಹಣ್ಣು, ಅಕ್ಕಿಯಾದರೆ ಅಪೆಡಾ, ಅಂದರೆ ಕೃಷಿ ಉತ್ಪನ್ನಗಳ ರಫ್ತು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ. ಕಾಫಿಯಾದರೆ ಕಾಫಿ ಮಂಡಳಿ. ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಹೇಗೂ ಬೇಕು.

ಜಿಎಸ್‌ಟಿ ಪೋರ್ಟಲ್‌ನಲ್ಲಿ ಆರ್‌ಎಫ್‌ಡಿ–11 ಫಾರಂ ತುಂಬಿ ಎಲ್‌ಯುಟಿ, ಅಂದರೆ ರಫ್ತಿನ ಮುಚ್ಚಳಿಕೆ ಪತ್ರ, ತೆಗೆದುಕೊಳ್ಳಿ. ಅದಿದ್ದರೆ ತೆರಿಗೆ ಕಟ್ಟದೆಯೇ ರಫ್ತು ಮಾಡಬಹುದು. ಇಲ್ಲದಿದ್ದರೆ ಮೊದಲು ಕಟ್ಟಿ ಆಮೇಲೆ ವಾಪಸ್ಸಿಗೆ ಕಾಯಬೇಕು, ಸಣ್ಣ ವ್ಯಾಪಾರಿಯ ದುಡ್ಡು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಇದು ಒಂದು ಹಣಕಾಸು ವರ್ಷಕ್ಕೆ ಮಾತ್ರ, ಏಪ್ರಿಲ್ ಬಂದ ಕೂಡಲೇ ಹೊಸದು. ಇನ್ನು ಬ್ಯಾಂಕಿನಿಂದ ಎಡಿ ಕೋಡ್ (ರಫ್ತಿನ ದುಡ್ಡು ಬರುವ ಬ್ಯಾಂಕ್ ಶಾಖೆಯ ನಂಬರ್) ಪತ್ರ ತಂದು ಕಸ್ಟಮ್ಸ್‌ನವರ ಐಸ್‌ಗೇಟ್ ಪೋರ್ಟಲ್‌ನಲ್ಲಿ ನೋಂದಾಯಿಸಿ. ಯಾವ ಬಂದರಿನಿಂದ ಕಳಿಸುತ್ತೀರಿ ಅನ್ನುವುದನ್ನು ಅಷ್ಟರೊಳಗೆ ತೀರ್ಮಾನಿಸಿರಬೇಕು.

ಪಾರ್ಟಿಯನ್ನು ನೋಡಿ, ಪಾರ್ಟಿಯ ಆಫೀಸನ್ನಲ್ಲ

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಮನೆ ಮಠ ಕಳಕೊಂಡವರನ್ನು ಕಣ್ಣಾರೆ ಕಂಡಿದ್ದೇನೆ.

ದುಬೈಯಲ್ಲಿ ಕೊಳ್ಳುವವರು ಸಿಗುವುದು ಕಷ್ಟವೇ ಅಲ್ಲ. ದೇರಾದ ಮಸಾಲೆ ಬಜಾರು, ಅಲ್ ಅವೀರ್‌ನ ಹಣ್ಣು–ತರಕಾರಿ ಸಗಟು ಮಾರುಕಟ್ಟೆ, ಕರಾಮಾದ ದಿನಸಿ ಅಂಗಡಿಗಳು, ಎಲ್ಲ ಕಡೆ ನಮ್ಮವರೇ. ಪ್ರತಿ ವರ್ಷ ಗಲ್ಫುಡ್ ಮೇಳ ನಡೆಯುತ್ತದೆ, ಮಸಾಲೆ ಮಂಡಳಿ, ಅಪೆಡಾದವರು ಅಲ್ಲಿ ಮಳಿಗೆ ಹಾಕುತ್ತಾರೆ. ಒಂದು ಸಲವಾದರೂ ಹೋಗಿ ಬನ್ನಿ. ಸಗಟು ಅಂಗಡಿಯಲ್ಲಿ ಅರ್ಧ ದಿನ ನಿಂತರೆ ಯಾವ ಚೀಲ ಹೋಗುತ್ತದೆ, ಯಾವುದು ಮೂಲೆಯಲ್ಲಿ ಕೂತಿರುತ್ತದೆ ಅಂತ ಕಾಣುತ್ತದೆ.

ಆದರೆ ಸುಲಭವಾಗಿ ಸಿಗುವ ಪಾರ್ಟಿಯೇ ಹೆಚ್ಚು ಅಪಾಯ. ನಡೆಯುವ ಮೋಸದ ರೀತಿ ಹೀಗೆ: ಹೊಸ ಟ್ರೇಡಿಂಗ್ ಕಂಪನಿ, ಗಾಜಿನ ಕಟ್ಟಡದಲ್ಲಿ ಚಂದದ ಆಫೀಸು. ಮೊದಲ ಆರ್ಡರ್ ಸಣ್ಣದು, ದುಡ್ಡು ಹೇಳಿದ ದಿನವೇ ಬರುತ್ತದೆ. ಎರಡನೆಯದೂ ಸರಿ. ಮೂರನೆಯದು ದೊಡ್ಡದು, ಈ ಸಲ ಉದ್ರಿ ಕೇಳುತ್ತಾರೆ, ಮುಂದಿನ ತಾರೀಕಿನ ಚೆಕ್ ಕೊಡುತ್ತಾರೆ. ಚೆಕ್ ಹಾಕುವ ದಿನ ಅಲ್ಲಿ ಆಫೀಸೂ ಇಲ್ಲ, ಮಾಲೂ ಇಲ್ಲ. "ಅಲ್ಲಿ ಚೆಕ್ ಬೌನ್ಸ್ ಆದರೆ ಜೈಲು" ಅನ್ನುವುದು ಹಳೆಯ ಧೈರ್ಯ. 2022ರಿಂದ ಅಲ್ಲಿನ ಕಾನೂನು ಬದಲಾಗಿ, ಖಾತೆಯಲ್ಲಿ ದುಡ್ಡಿಲ್ಲದೆ ಬೌನ್ಸ್ ಆಗುವ ಚೆಕ್ ಬಹುತೇಕ ವಸೂಲಿ ದಾವೆಯಾಗಿಯೇ ಉಳಿಯುತ್ತದೆ. ದಾವೆ ನಡೆಸಲು ನೀವು ಹಾವೇರಿಯಿಂದ ಎಷ್ಟು ಸಲ ಹೋಗುತ್ತೀರಿ?

ಆದ್ದರಿಂದ ಅವರ ಟ್ರೇಡ್ ಲೈಸೆನ್ಸ್ ಪ್ರತಿ ಕೇಳಿ. ಯುಎಇಯ ನ್ಯಾಷನಲ್ ಇಕನಾಮಿಕ್ ರಿಜಿಸ್ಟರ್‌ನಲ್ಲಿ ಆನ್‌ಲೈನ್ ಹುಡುಕಬಹುದು. ಲೈಸೆನ್ಸ್ ಯಾವ ವರ್ಷದ್ದು, ಅದರಲ್ಲಿ ಆಹಾರ ಪದಾರ್ಥದ ವ್ಯಾಪಾರ ಇದೆಯಾ, ಮೇನ್‌ಲ್ಯಾಂಡ್‌ನದ್ದಾ ಅಥವಾ ದುಬೈಯ ಬಂದರು ಜೆಬೆಲ್ ಅಲಿಯಂಥ ಫ್ರೀ ಝೋನ್‌ನದ್ದಾ ನೋಡಿ. ಫ್ರೀ ಝೋನ್‌ಗೆ ಹೋದ ಮಾಲಿಗೆ ಅಲ್ಲಿರುವಷ್ಟು ದಿನ ಸುಂಕ ಇಲ್ಲ, ಅಲ್ಲಿಂದ ಆಫ್ರಿಕಾಕ್ಕೋ ಬೇರೆ ಕೊಲ್ಲಿ ದೇಶಕ್ಕೋ ಹೊರಟು ಹೋಗಲೂಬಹುದು. ಅದು ತಪ್ಪಲ್ಲ. ಆದರೆ ನಿಮ್ಮ ಮಾಲು ಕೊನೆಗೆ ಎಲ್ಲಿ ಹೋಗುತ್ತದೆ ಅನ್ನುವುದರ ಮೇಲೆ ಲೇಬಲ್, ಪರೀಕ್ಷೆ, ಪತ್ರ ಎಲ್ಲ ಬದಲಾಗುತ್ತದೆ, ಹಾಗಾಗಿ ಕೇಳಿ ತಿಳಿದುಕೊಳ್ಳಿ.

ದುಡ್ಡಿನ ವಿಷಯದಲ್ಲಿ ನನ್ನ ಪದ್ಧತಿ ಇಷ್ಟು. ಹೊಸ ಪಾರ್ಟಿಯಾದರೆ ಅರ್ಧ ಅಡ್ವಾನ್ಸ್. ಉಳಿದರ್ಧ ಹಡಗು ಹತ್ತಿದ ಮೇಲೆ ಬಿಲ್ ಆಫ್ ಲೇಡಿಂಗ್ ಪ್ರತಿ ಇಮೇಲ್‌ನಲ್ಲಿ ಕಳಿಸಿದಾಗ. ಆ ದುಡ್ಡು ಬಂದ ಮೇಲೆಯೇ ಮೂಲ ಬಿಎಲ್ ಬಿಡುವುದು. ಬಿಎಲ್ ಅಂದರೆ ಮಾಲಿನ ಒಡೆತನದ ಪತ್ರ. ಸಾಮಾನ್ಯವಾಗಿ ಮೂರು ಮೂಲ ಪ್ರತಿ ಇರುತ್ತವೆ, ಅವು ನಿಮ್ಮ ಕೈಯಲ್ಲಿರುವವರೆಗೆ ಮಾಲು ನಿಮ್ಮದು. ವಿಮಾನದಲ್ಲಿ ಕಳಿಸಿದರೆ ಈ ರಕ್ಷಣೆ ಇಲ್ಲ. ಏರ್‌ವೇ ಬಿಲ್ ಒಡೆತನದ ಪತ್ರವಲ್ಲ, ಅದರ ಮೇಲೆ ಯಾರ ಹೆಸರಿದೆಯೋ ಅವರು ಮಾಲು ಬಿಡಿಸಿಕೊಂಡು ಹೋಗಬಹುದು. ತರಕಾರಿ, ಹೂವು ಕಳಿಸುವವರು ಇದನ್ನು ತಿಳಿಯದೆ ಹೊಡೆತ ತಿನ್ನುತ್ತಾರೆ. ವಿಮಾನದಲ್ಲಿ ಹೋಗುವ ಮಾಲಿಗೆ ಪೂರ್ತಿ ಅಡ್ವಾನ್ಸ್ ಕೇಳಿ, ಇಲ್ಲವೇ ಅವರ ಬ್ಯಾಂಕಿನ ಹೆಸರಿಗೆ ಕಳಿಸಲು ಆ ಬ್ಯಾಂಕ್ ಒಪ್ಪುತ್ತದಾ ನೋಡಿ.

ದೊಡ್ಡ ಮೊತ್ತಕ್ಕೆ ಎಲ್‌ಸಿ ಒಳ್ಳೆಯದು, ಅಂದರೆ ಕಾಗದ ಸರಿ ಇದ್ದರೆ ದುಡ್ಡು ಕೊಡುತ್ತೇವೆ ಅಂತ ಕೊಳ್ಳುವವನ ಬ್ಯಾಂಕ್ ಬರೆದುಕೊಡುವ ಪತ್ರ. ಒಂದು ಮಾತು ನೆನಪಿಡಿ: ಎಲ್‌ಸಿಯಲ್ಲಿ ಬ್ಯಾಂಕ್ ನಿಮ್ಮ ಮೆಣಸಿನಕಾಯಿ ನೋಡುವುದಿಲ್ಲ, ನಿಮ್ಮ ಕಾಗದ ನೋಡುತ್ತದೆ. ಎಲ್‌ಸಿಯಲ್ಲಿ ಬರೆದದ್ದಕ್ಕೂ ನಿಮ್ಮ ಇನ್‌ವಾಯ್ಸ್‌ಗೂ ವ್ಯತ್ಯಾಸ ಇದ್ದರೆ 'ಡಿಸ್ಕ್ರೆಪೆನ್ಸಿ' ಅಂತ ಬರೆದು ದುಡ್ಡು ತಡೆಹಿಡಿಯುತ್ತದೆ. ಉದ್ರಿ ಕೊಡಲೇಬೇಕಾದರೆ ಇಸಿಜಿಸಿಯ ವಿಮೆ ಮಾಡಿಸಿ. ಅದು 1957ರಿಂದ ಇರುವ ಸರ್ಕಾರಿ ಸಂಸ್ಥೆ, ಇದೇ ಕೆಲಸಕ್ಕೆ ಇರುವುದು. ಪಾರ್ಟಿಯ ಮೇಲೆ ಅವರು ಎಷ್ಟು ಮೊತ್ತಕ್ಕೆ ವಿಮೆ ಕೊಡಲು ಒಪ್ಪುತ್ತಾರೆ ಅನ್ನುವುದರಿಂದಲೇ ನಿಮಗೆ ಆ ಪಾರ್ಟಿಯ ಯೋಗ್ಯತೆಯ ಅಂದಾಜು ಸಿಗುತ್ತದೆ.

ರೇಟನ್ನು ಡಾಲರಿನಲ್ಲಿ ಹೇಳುವುದಾ ದಿರ್ಹಮ್‌ನಲ್ಲಾ ಅಂತ ಕೇಳುತ್ತಾರೆ. ಎರಡೂ ಒಂದೇ. ತೈಲ ಡಾಲರಿನಲ್ಲಿ ಮಾರುವ ದೇಶ, ಹಾಗಾಗಿ ತನ್ನ ನಾಣ್ಯವನ್ನೂ ಡಾಲರಿಗೆ ಕಟ್ಟಿ ಇಟ್ಟಿದೆ. 1997ರಿಂದ ಒಂದು ಡಾಲರಿಗೆ 3.6725 ದಿರ್ಹಮ್, ಅಲ್ಲಾಡಿಲ್ಲ. 2023ರ ಜುಲೈಯಿಂದ ಮೂರನೇ ದಾರಿಯೂ ಇದೆ, ನೇರವಾಗಿ ರೂಪಾಯಿಯಲ್ಲಿ. ಎರಡೂ ದೇಶದ ಕೇಂದ್ರ ಬ್ಯಾಂಕುಗಳು ಅದಕ್ಕೆ ಒಪ್ಪಂದ ಮಾಡಿಕೊಂಡವು. ಮರು ತಿಂಗಳೇ ಇಂಡಿಯನ್ ಆಯಿಲ್ ಅಬುಧಾಬಿಯ ಹತ್ತು ಲಕ್ಷ ಬ್ಯಾರೆಲ್ ತೈಲಕ್ಕೆ ರೂಪಾಯಿಯಲ್ಲಿ ದುಡ್ಡು ಕೊಟ್ಟಿತು. ತೈಲಕ್ಕೆ ನಡೆದ ದಾರಿ ಮೆಣಸಿನಕಾಯಿಗೂ ನಡೆಯುತ್ತದೆ. ನಿಮ್ಮ ಪಾರ್ಟಿ ಒಪ್ಪಿದರೆ, ನಿಮ್ಮ ಬ್ಯಾಂಕಿಗೆ ಆ ಸೌಲಭ್ಯ ಇದ್ದರೆ, ವಿನಿಮಯದ ಏರಿಳಿತ ನಿಮ್ಮ ತಲೆ ಮೇಲೆ ಇರುವುದಿಲ್ಲ.

ಮಾಲು

ಬ್ಯಾಡಗಿ ಮೆಣಸಿನಕಾಯಿಯಲ್ಲಿ ಕಡ್ಡಿ ಮತ್ತು ಡಬ್ಬಿ ಅಂತ ಎರಡು ಬಗೆ, ಅವೆರಡರ ನಡುವಿನ ವ್ಯತ್ಯಾಸ ಅಲ್ಲಿಯ ಹಳೆಯ ವ್ಯಾಪಾರಿಗಳಿಗೆ ಗೊತ್ತು, ಹೊಸಬರಿಗೆ ಗೊತ್ತಿಲ್ಲ. ಸ್ಯಾಂಪಲ್ ಕಳಿಸುವಾಗ ಎರಡನ್ನೂ ಬೇರೆ ಬೇರೆ ಕವರಿನಲ್ಲಿ ಹಾಕಿ, ಮೇಲೆ ಹೆಸರು, ತಾರೀಕು ಬರೆದು ಕಳಿಸಿ. ಅದೇ ಲಾಟಿನ ಅರ್ಧ ಕೆಜಿ ನಿಮ್ಮ ಹತ್ತಿರವೂ ಸೀಲ್ ಮಾಡಿ ಇಟ್ಟುಕೊಳ್ಳಿ. ಮುಂದೆ "ಸ್ಯಾಂಪಲ್ಲಿನ ಬಣ್ಣ ಬೇರೆ, ಬಂದ ಮಾಲಿನ ಬಣ್ಣ ಬೇರೆ" ಅನ್ನುವ ತಕರಾರು ಬಂದಾಗ ಆ ಅರ್ಧ ಕೆಜಿಯೇ ನಿಮ್ಮ ಸಾಕ್ಷಿ. ತೊಟ್ಟು ಬಿಡಿಸಿದ್ದಾ, ತೊಟ್ಟಿನೊಂದಿಗಾ ಅನ್ನುವುದನ್ನು ಆರ್ಡರಿನಲ್ಲೇ ಬರೆಸಿಕೊಳ್ಳಿ. ಬ್ಯಾಡಗಿ ಮೆಣಸಿನಕಾಯಿಗೆ 2011ರಿಂದ ಭೌಗೋಳಿಕ ಗುರುತು (ಜಿಐ) ಇದೆ, ಅಂದರೆ ಆ ಹೆಸರು ಈ ಭಾಗದ ಮಾಲಿಗೆ ಮಾತ್ರ. ಬೇರೆ ಕಡೆಯ ಮೆಣಸಿನಕಾಯಿ ಬೆರೆಸಿ ಬ್ಯಾಡಗಿ ಅಂತ ಕಳಿಸುವವರಿದ್ದಾರೆ. ದಯವಿಟ್ಟು ಆ ಕೆಲಸ ಮಾಡಬೇಡಿ. ಈ ಊರಿನ ಹೆಸರು ಕಟ್ಟಲು ರೈತರು ತಲೆಮಾರು ಸವೆಸಿದ್ದಾರೆ.

ತೇವ ಇದ್ದರೆ ಎಲ್ಲ ಹಾಳು. ತೂಕ ಬರಲಿ ಅಂತ ನೀರು ಚಿಮುಕಿಸಿದ ಚೀಲ ಮಂಡಿಯಲ್ಲಿ ಸಿಗುತ್ತವೆ, ಇಲ್ಲೇ ಮಾರುವವನಿಗೆ ಅದು ಹೇಗೋ ನಡೆದೀತು. ಮುಚ್ಚಿದ ಕಂಟೇನರ್‌ನಲ್ಲಿ ಹೋಗುವ ಮಾಲಿಗೆ ಬೂಷ್ಟು ಹಿಡಿಯುತ್ತದೆ, ಬೂಷ್ಟಿನ ಹಿಂದೆ ಅಫ್ಲಾಟಾಕ್ಸಿನ್ ವಿಷ ಬರುತ್ತದೆ. ಲ್ಯಾಬ್ ಪರೀಕ್ಷೆ ಮಾಡಿಸಿ: ತೇವಾಂಶ, ಅಫ್ಲಾಟಾಕ್ಸಿನ್, ಕೀಟನಾಶಕದ ಉಳಿಕೆ. ಪುಡಿಯಾದರೆ ಸುಡಾನ್ ಅನ್ನುವ ಕೃತಕ ಕೆಂಪು ಬಣ್ಣದ ಪರೀಕ್ಷೆಯೂ ಬೇಕು. 2024ರ ಏಪ್ರಿಲ್‌ನಲ್ಲಿ ಹಾಂಕಾಂಗ್ ಮತ್ತು ಸಿಂಗಾಪುರ ನಮ್ಮ ದೇಶದ ಕೆಲವು ಮಸಾಲೆ ಪುಡಿಗಳನ್ನು ಎಥಿಲೀನ್ ಆಕ್ಸೈಡ್ ಅನ್ನುವ ರಾಸಾಯನಿಕ ಸಿಕ್ಕಿತು ಅಂತ ತಡೆದವು. ಅದಾದ ಮೇಲೆ ಎಲ್ಲ ಕಡೆಯ ಕೊಳ್ಳುವವರೂ ಹುಷಾರಾಗಿದ್ದಾರೆ. ಇಲ್ಲಿ ಪರೀಕ್ಷೆಗೆ ಹೋಗುವ ಕೆಲವು ಸಾವಿರ ಅಲ್ಲಿ ಮಾಲು ವಾಪಸ್ ಬರುವ ಖರ್ಚಿನ ಮುಂದೆ ಏನೂ ಅಲ್ಲ.

ಸಣ್ಣ ಪ್ಯಾಕೆಟ್ ಮಾಡಿ ಕಳಿಸುತ್ತೀರಾದರೆ ಲೇಬಲ್ ವಿಷಯ ಬರುತ್ತದೆ. ಅರಬ್ಬಿ ಭಾಷೆ ಇರಲೇಬೇಕು. ಅರಬ್ಬಿ ಸ್ಟಿಕ್ಕರ್ ಅಂಟಿಸಿದರೂ ನಡೆಯುತ್ತದೆ. ಆದರೆ ತಯಾರಿಸಿದ ದಿನ, ಅವಧಿ ಮುಗಿಯುವ ದಿನ ಪ್ಯಾಕೆಟ್ ಮೇಲೆಯೇ ಅಚ್ಚಾಗಿರಬೇಕು, ಸ್ಟಿಕ್ಕರ್‌ನಲ್ಲಿ ಅಲ್ಲ. ದುಬೈ ಮುನಿಸಿಪಾಲಿಟಿಯ ವ್ಯವಸ್ಥೆಯಲ್ಲಿ ಆಮದುದಾರ ನಿಮ್ಮ ಲೇಬಲ್‌ನ ಚಿತ್ರ ಹಾಕಿ ಮೊದಲೇ ಒಪ್ಪಿಗೆ ಪಡೆಯಬೇಕು. ಹಾಗಾಗಿ ಹತ್ತು ಸಾವಿರ ಕವರ್ ಅಚ್ಚು ಹಾಕಿಸುವ ಮೊದಲು ಡಿಸೈನ್ ಕಳಿಸಿ, ಒಪ್ಪಿಗೆ ಬಂದ ಮೇಲೆ ಅಚ್ಚಿಗೆ ಕೊಡಿ. ಈ ಕ್ರಮ ತಿರುಗಾಮುರುಗಾ ಆಗಿ ಕವರ್‌ಗಳು ಗೋಡೌನಿನಲ್ಲೇ ಕೊಳೆತದ್ದನ್ನು ನೋಡಿದ್ದೇನೆ.

ಕಾಗದ ಎಲ್ಲಾ ಒಂದೇ ಮಾತು ಹೇಳಬೇಕು

ನನ್ನ ಎರಡನೇ ಲಾಟ್‌ನಲ್ಲಿ ಆದದ್ದು ಹೇಳುತ್ತೇನೆ. ಇನ್‌ವಾಯ್ಸ್‌ನಲ್ಲಿ 'ತೊಟ್ಟಿನೊಂದಿಗೆ' ಅಂತ ಇತ್ತು. ಮೂಲ ಪ್ರಮಾಣಪತ್ರದಲ್ಲಿ 'ತೊಟ್ಟಿಲ್ಲದ್ದು' ಅಂತ ಇತ್ತು. ಏಜೆಂಟರ ಆಫೀಸಿನಲ್ಲಿ ಹಳೆಯ ಫೈಲು ತೆಗೆದು ಹೆಸರು, ತೂಕ ಬದಲಿಸಿದ್ದರು, ಆ ಒಂದು ಪದ ಹಾಗೇ ಉಳಿದಿತ್ತು. ನಾನೂ ಓದದೆ ಸಹಿ ಹಾಕಿದ್ದೆ. ಮಾಲು ಜೆಬೆಲ್ ಅಲಿಯಲ್ಲಿ ಒಂಬತ್ತು ದಿನ ನಿಂತಿತು. ದಿನಕ್ಕಿಷ್ಟು ಅಂತ ಬಂದರಿನ ಬಾಡಿಗೆ, ಕಂಟೇನರ್ ಬಾಡಿಗೆ ಏರುತ್ತಾ ಹೋಯಿತು. ಮೆಣಸಿನಕಾಯಿ ಚೆನ್ನಾಗಿತ್ತು, ಪಾರ್ಟಿ ಒಳ್ಳೆಯವನು, ರೇಟೂ ಒಳ್ಳೆಯದೇ. ಆ ಲಾಟಿನ ಲಾಭ ಪೂರ್ತಿ ಒಂದು ಪದಕ್ಕೆ ಹೋಯಿತು.

ಅಂದಿನಿಂದ ನಾನು ಹೀಗೆ ಮಾಡುತ್ತೇನೆ. ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಶಿಪ್ಪಿಂಗ್ ಬಿಲ್ (ರಫ್ತಿಗೆ ಕಸ್ಟಮ್ಸ್‌ಗೆ ಕೊಡುವ ಘೋಷಣೆ), ಬಿಎಲ್ ಕರಡು, ಮೂಲ ಪ್ರಮಾಣಪತ್ರ, ಮಾಲಿನಲ್ಲಿ ಕೀಟ–ರೋಗ ಇಲ್ಲ ಅನ್ನುವ ಸಸ್ಯ ಆರೋಗ್ಯ ಪ್ರಮಾಣಪತ್ರ, ಎಲ್ಲವನ್ನೂ ಪ್ರಿಂಟ್ ತೆಗೆದು ಮೇಜಿನ ಮೇಲೆ ಸಾಲಾಗಿ ಇಡುತ್ತೇನೆ. ಮನೆಯವಳು ಒಂದರಿಂದ ಜೋರಾಗಿ ಓದುತ್ತಾಳೆ, ನಾನು ಉಳಿದವುಗಳಲ್ಲಿ ಪೆನ್ಸಿಲಿನಿಂದ ಟಿಕ್ ಹಾಕುತ್ತೇನೆ. ಕಳಿಸುವವರ ಹೆಸರು, ಪಡೆಯುವವರ ಹೆಸರು, ಅಕ್ಷರ ಅಕ್ಷರ. ಮಾಲಿನ ವಿವರ. ಎಷ್ಟು ಚೀಲ. ಚೀಲ ಸೇರಿದ ತೂಕ, ಚೀಲ ಬಿಟ್ಟ ತೂಕ. ಕಂಟೇನರ್ ನಂಬರ್, ಸೀಲ್ ನಂಬರ್. ಮಾಲಿನ ಕೋಡ್: ಇಡೀ ಒಣಮೆಣಸಿನಕಾಯಿಗೆ ಮೊದಲ ಆರು ಅಂಕಿ 090421, ಕುಟ್ಟಿದ್ದು ಅಥವಾ ಪುಡಿಯಾದರೆ 090422. ಒಂದು ಕಡೆ 'ಬ್ಯಾಗ್' ಇನ್ನೊಂದು ಕಡೆ 'ಕಾರ್ಟನ್' ಇದ್ದರೂ ಬಿಡುವುದಿಲ್ಲ. ಇದಕ್ಕೆ ಒಂದು ಗಂಟೆ ಹಿಡಿಯುತ್ತದೆ.

ಸೆಪಾ ಪ್ರಮಾಣಪತ್ರಕ್ಕೆ ಡಿಜಿಎಫ್‌ಟಿಯ ಆನ್‌ಲೈನ್ ವ್ಯವಸ್ಥೆಯಲ್ಲಿ ಅರ್ಜಿ ಹಾಕಬೇಕು. ನಮ್ಮ ನೆಲದಲ್ಲಿ ಬೆಳೆದ ಮೆಣಸಿನಕಾಯಿ 'ಪೂರ್ತಿಯಾಗಿ ಇಲ್ಲೇ ದೊರೆತದ್ದು' ಅನ್ನುವ ವರ್ಗಕ್ಕೆ ಬರುತ್ತದೆ, ಅದು ಸುಲಭ. ಹೊರದೇಶದ ಕಚ್ಚಾ ಮಾಲು ತಂದು ಇಲ್ಲಿ ಏನಾದರೂ ತಯಾರಿಸುವವರಿಗೆ ಇಲ್ಲಿ ಎಷ್ಟು ಮೌಲ್ಯ ಸೇರಿತು ಅನ್ನುವ ಲೆಕ್ಕ ತೋರಿಸಬೇಕಾಗುತ್ತದೆ. ಹಡಗು ಹೊರಡುವ ಮೊದಲೇ ಪತ್ರ ಕೈಯಲ್ಲಿರಲಿ.

ಶಿಪ್ಪಿಂಗ್ ಬಿಲ್ ಹಾಕುವಾಗ ರೋಡ್‌ಟೆಪ್‌ಗೆ 'ಹೌದು' ಅಂತ ಗುರುತು ಹಾಕಿಸಿ. 2021ರಿಂದ ಇರುವ ಯೋಜನೆ, ರಫ್ತಾದ ಮಾಲಿನೊಳಗೆ ಸೇರಿಹೋದ ಕೆಲವು ತೆರಿಗೆಗಳನ್ನು ಸರ್ಕಾರ ವಾಪಸ್ ಕೊಡುತ್ತದೆ. ನಿಮ್ಮ ಮಾಲಿಗೆ ದರ ಎಷ್ಟಿದೆ ನೋಡಿಕೊಳ್ಳಿ. ಬಿಲ್‌ನಲ್ಲಿ ಆ ಗುರುತು ಹಾಕದಿದ್ದರೆ ಆಮೇಲೆ ಪಡೆಯುವುದು ದೊಡ್ಡ ತಲೆನೋವು. ಯುಎಇ ಕಡೆಯಲ್ಲೂ ಒಂದಿದೆ. 2023ರ ಫೆಬ್ರವರಿಯಿಂದ 10,000 ದಿರ್ಹಮ್‌ಗೆ ಮೇಲ್ಪಟ್ಟ ಆಮದು ಇನ್‌ವಾಯ್ಸ್‌ಗೆ ಅಲ್ಲಿನ ವಿದೇಶಾಂಗ ಸಚಿವಾಲಯದ ದೃಢೀಕರಣ ಬೇಕು, ಒಂದು ಇನ್‌ವಾಯ್ಸ್‌ಗೆ 150 ದಿರ್ಹಮ್. ಮಾಡಿಸುವವನು ಆಮದುದಾರ. ಒಂದೇ ಮಾಲಿಗೆ ನಾಲ್ಕು ಇನ್‌ವಾಯ್ಸ್ ಮಾಡಿದರೆ ನಾಲ್ಕು ಶುಲ್ಕ, ಅದು ಗಮನದಲ್ಲಿರಲಿ.

ಕಂಟೇನರ್ ತುಂಬುವ ದಿನ ನೀವೇ ಅಲ್ಲಿರಿ

ಹಾವೇರಿಯ ಕಡೆಯಿಂದ ಹೆಚ್ಚಾಗಿ ಮುಂಬೈ ಹತ್ತಿರದ ನ್ಹಾವಾ ಶೇವಾಕ್ಕೆ ಕಳಿಸುತ್ತಾರೆ. ಅಲ್ಲಿಂದ ನೇರ ಹಡಗು ಸಿಕ್ಕರೆ ಜೆಬೆಲ್ ಅಲಿಗೆ ಸಮುದ್ರದಲ್ಲಿ ನಾಲ್ಕೈದು ದಿನ. ಮಂಗಳೂರು, ಕೊಚ್ಚಿಯ ದರವನ್ನೂ ಕೇಳಿ, ಆದರೆ ಹಡಗು ನೇರ ಹೋಗುತ್ತದಾ ಅಥವಾ ನಡುವೆ ಎಲ್ಲಾದರೂ ಕಂಟೇನರ್ ಇಳಿಸಿ ಬೇರೆ ಹಡಗಿಗೆ ಹಾಕುತ್ತಾರಾ ಅನ್ನುವುದನ್ನು ದರಕ್ಕಿಂತ ಮೊದಲು ಕೇಳಿ.

ಖಾಲಿ ಕಂಟೇನರ್ ಬಂದ ಕೂಡಲೇ ಒಳಗೆ ಹೋಗಿ ಬಾಗಿಲು ಹಾಕಿಸಿ. ಒಂದು ನಿಮಿಷ ಕತ್ತಲಲ್ಲಿ ನಿಲ್ಲಿ. ಎಲ್ಲಾದರೂ ಬೆಳಕಿನ ಚುಕ್ಕಿ ಕಂಡರೆ ಅಲ್ಲಿ ತೂತಿದೆ, ಆ ತೂತಿನಿಂದ ಉಪ್ಪು ನೀರು ಬರುತ್ತದೆ. ಅಂಥದ್ದನ್ನು ವಾಪಸ್ ಕಳಿಸಿ. ಮೂಗಿಗೂ ಕೆಲಸ ಕೊಡಿ: ಹಿಂದಿನ ಸಲ ಅದರಲ್ಲಿ ರಾಸಾಯನಿಕವೋ ತೊಗಲೋ ಹೋಗಿದ್ದರೆ ವಾಸನೆ ಇರುತ್ತದೆ, ಮೆಣಸಿನಕಾಯಿ ಆ ವಾಸನೆ ಹೀರುತ್ತದೆ. ಗೋಡೆಗೆ, ನೆಲಕ್ಕೆ ದಪ್ಪ ಕಂದು ಕಾಗದ ಹೊದಿಸಿ, ತೇವ ಹೀರುವ ಚೀಲಗಳನ್ನು ನೇತು ಹಾಕಿ. ಹಗಲು ಕಾದು ರಾತ್ರಿ ತಣ್ಣಗಾದಾಗ ಕಂಟೇನರಿನ ಚಾವಣಿ ಬೆವರುತ್ತದೆ, ಆ ಹನಿ ಮೇಲಿನ ಸಾಲಿನ ಚೀಲಗಳ ಮೇಲೆ ಬೀಳುತ್ತದೆ. ಮರದ ಪ್ಯಾಲೆಟ್ ಬಳಸಿದರೆ ಅದರ ಮೇಲೆ ಶಾಖೋಪಚಾರದ ಮುದ್ರೆ ಇರಬೇಕು. ಪಕ್ಕದ ಮಿಲ್ಲಿನಲ್ಲಿ ಕೊಯ್ಸಿದ ಹಲಗೆ ಆಗುವುದಿಲ್ಲ.

ಒಣಮೆಣಸಿನಕಾಯಿ ಹಗುರ, ಜಾಗ ಜಾಸ್ತಿ ತಿನ್ನುತ್ತದೆ. 20 ಅಡಿ ಕಂಟೇನರಿನ ಒಳಜಾಗ ಸುಮಾರು 33 ಘನ ಮೀಟರ್, ತೂಕದ ಮಿತಿ ಬರುವ ಮೊದಲೇ ಅದು ತುಂಬಿಹೋಗುತ್ತದೆ. ಆದ್ದರಿಂದ ಬಾಡಿಗೆಯನ್ನು ಕೆಜಿಗೆ ಹಂಚಿ ಲೆಕ್ಕ ಹಾಕದೆ ರೇಟ್ ಹೇಳಬೇಡಿ. ಅಷ್ಟು ಮಾಲಿಲ್ಲದಿದ್ದರೆ ಬೇರೆಯವರ ಜೊತೆ ಸೇರಿಸಿ ಕಳಿಸುವ ವ್ಯವಸ್ಥೆ ಇದೆ, ಆದರೆ ಘಾಟಿನ ಮಾಲು ಅಂತ ಕೆಲವರು ಒಪ್ಪುವುದಿಲ್ಲ, ಮೊದಲೇ ಹೇಳಿಬಿಡಿ. ತುಂಬಿದ ಮೇಲೆ ಸೀಲ್ ಹಾಕುವವರೆಗೆ ಫೋಟೋ ತೆಗೆಯಿರಿ: ಖಾಲಿ ಇದ್ದಾಗ, ಅರ್ಧ ತುಂಬಿದಾಗ, ಬಾಗಿಲು ಮುಚ್ಚುವಾಗ, ಸೀಲ್ ನಂಬರ್ ಕಾಣುವ ಹಾಗೆ. ಸಮುದ್ರ ವಿಮೆಯವರು ಮೊದಲು ಕೇಳುವುದು ಇವನ್ನೇ.

ಜೆಬೆಲ್ ಅಲಿ ಇರುವುದು ಹೊರ್ಮುಝ್ ಜಲಸಂಧಿಯ ಒಳಗೆ. ಆ ಕಡೆ ಗಲಾಟೆ ಶುರುವಾದರೆ ತೈಲದ ಹಡಗುಗಳಿಗೆ ಆಗುವ ತೊಂದರೆ ನಮ್ಮ ಚೀಲಗಳಿಗೂ ಆಗುತ್ತದೆ, ಯುದ್ಧದ ಅಪಾಯ ಅಂತ ಹೆಚ್ಚುವರಿ ದರ ಹಾಕುತ್ತಾರೆ. ಖೋರ್ ಫಕ್ಕಾನ್ ಬಂದರು ಜಲಸಂಧಿಯ ಹೊರಗಿದೆ, ಅದರ ದರವನ್ನೂ ಕೇಳಿ ಇಟ್ಟುಕೊಂಡಿರಿ. ಹೆಚ್ಚುವರಿ ದರ ಬಂದರೆ ಯಾರು ಕೊಡಬೇಕು ಅನ್ನುವ ಒಂದು ಸಾಲು ಒಪ್ಪಂದದಲ್ಲಿ ಇರಲಿ. ನೀವು ಎಫ್‌ಒಬಿ ರೇಟಿನಲ್ಲಿ ಮಾರಿದರೆ ನಿಮ್ಮ ಜವಾಬ್ದಾರಿ ಹಡಗು ಹತ್ತಿಸುವವರೆಗೆ. ಸಿಐಎಫ್ ಆದರೆ ಬಾಡಿಗೆ, ವಿಮೆ ನಿಮ್ಮದೇ ಖರ್ಚು. ಹೊಸಬರು ಎಫ್‌ಒಬಿಯಿಂದ ಶುರು ಮಾಡಿ ಅಂತ ನಾನು ಹೇಳುತ್ತೇನೆ.

ಅಲ್ಲಿನ ವಾರದ ಲೆಕ್ಕವೂ ತಿಳಿದಿರಲಿ. 2022ರಿಂದ ಯುಎಇಯಲ್ಲಿ ಶನಿವಾರ, ಭಾನುವಾರ ರಜೆ, ಶುಕ್ರವಾರ ಸರ್ಕಾರಿ ಕಚೇರಿಗಳಿಗೆ ಅರ್ಧ ದಿನ. ಶಾರ್ಜಾದಲ್ಲಿ ಶುಕ್ರವಾರವೂ ಪೂರ್ತಿ ರಜೆ. ರಂಜಾನ್‌ನಲ್ಲಿ ಕೆಲಸದ ಸಮಯ ಕಡಿಮೆ, ಆದರೆ ಅದಕ್ಕೆ ಮುಂಚಿನ ಎರಡು ತಿಂಗಳು ಮಸಾಲೆಗೆ ಬೇಡಿಕೆ ಜಾಸ್ತಿ. ಆ ಲೆಕ್ಕದಲ್ಲಿ ಆರ್ಡರ್ ಹಿಡಿಯಿರಿ.

ಸರ್ಕಾರದ ಆದೇಶ ರಾತ್ರೋರಾತ್ರಿ ಬರುತ್ತದೆ

ಮೆಣಸಿನಕಾಯಿಯಲ್ಲಿ ಪಳಗಿದ ಮೇಲೆ ಈರುಳ್ಳಿ, ಅಕ್ಕಿಗೆ ಕೈ ಹಾಕುವವರಿಗೆ ಇದು ಮುಖ್ಯ. 2022ರ ಮೇನಲ್ಲಿ ಗೋಧಿ ರಫ್ತು ನಿಲ್ಲಿಸಿದರು. 2023ರ ಜುಲೈ 20ಕ್ಕೆ ಬಾಸ್ಮತಿಯಲ್ಲದ ಬಿಳಿ ಅಕ್ಕಿ ನಿಂತಿತು, ಮತ್ತೆ ಬಿಟ್ಟದ್ದು 2024ರ ಸೆಪ್ಟೆಂಬರ್‌ನಲ್ಲಿ. 2023ರ ಡಿಸೆಂಬರ್ 8ಕ್ಕೆ ಈರುಳ್ಳಿ ನಿಷೇಧ, 2024ರ ಮೇನಲ್ಲಿ ಸಡಿಲ, ಆಮೇಲೆ ರಫ್ತು ಸುಂಕ, ಅದೂ ಪೂರ್ತಿ ಹೋದದ್ದು 2025ರ ಏಪ್ರಿಲ್ 1ಕ್ಕೆ. ಆಗ ಚಿಕ್ಕಬಳ್ಳಾಪುರ, ಕೋಲಾರದ ಕಡೆಯ ಬೆಂಗಳೂರು ಗುಲಾಬಿ ಈರುಳ್ಳಿ ಬೆಳೆದವರ ಪಾಡು ನೆನೆದರೆ ಈಗಲೂ ಸಂಕಟವಾಗುತ್ತದೆ. ಆ ಈರುಳ್ಳಿಯನ್ನು ನಾವು ತಿನ್ನುವುದು ಕಡಿಮೆ, ಬೆಳೆಯುವುದೇ ರಫ್ತಿಗೆ. ಸುಂಕದಿಂದ ಅದಕ್ಕೆ ವಿನಾಯಿತಿ ಕೊಡಿಸಲು ಎಷ್ಟು ಓಡಾಡಬೇಕಾಯಿತು. ಇಂಥ ಮಾಲಿಗೆ ಅಡ್ವಾನ್ಸ್ ಹಿಡಿಯುವಾಗ "ಸರ್ಕಾರ ರಫ್ತು ನಿಲ್ಲಿಸಿದರೆ ಒಪ್ಪಂದ ರದ್ದು, ದಂಡ ಇಲ್ಲ" ಅನ್ನುವ ಮಾತು ಬರಹದಲ್ಲಿ ಇರಲೇಬೇಕು. ಡಿಜಿಎಫ್‌ಟಿಯ ಅಧಿಸೂಚನೆಗಳನ್ನು ವಾರಕ್ಕೊಮ್ಮೆ ನೋಡಿ.

ದುಡ್ಡು ಬಂದ ಮೇಲೂ ಒಂದು ಕೆಲಸ

ಪಾರ್ಟಿ ದುಡ್ಡು ಹಾಕಿದ, ಬ್ಯಾಂಕಿಗೆ ಬಂತು. ಅಲ್ಲಿಗೆ ಮುಗಿಯಲಿಲ್ಲ. ಕಸ್ಟಮ್ಸ್‌ನಲ್ಲಿ ಹಾಕಿದ ಪ್ರತಿ ಶಿಪ್ಪಿಂಗ್ ಬಿಲ್ ರಿಸರ್ವ್ ಬ್ಯಾಂಕಿನ ವ್ಯವಸ್ಥೆಯಲ್ಲಿ ತೆರೆದ ಬಾಕಿಯಾಗಿ ಕಾಣುತ್ತಿರುತ್ತದೆ. ಬಂದ ದುಡ್ಡನ್ನು ಆ ಬಿಲ್ಲಿಗೆ ಜೋಡಿಸಿ ಮುಚ್ಚಿಸುವುದು ನಿಮ್ಮ ಕೆಲಸ. ದುಡ್ಡು ಇಷ್ಟು ತಿಂಗಳೊಳಗೆ ಬರಬೇಕು ಅಂತ ಗಡುವೂ ಇದೆ, 2025ರ ನವೆಂಬರ್‌ನಲ್ಲಿ ಅದನ್ನು 9 ತಿಂಗಳಿಂದ 15 ತಿಂಗಳಿಗೆ ಏರಿಸಿದರು. ಅಡ್ವಾನ್ಸ್ ಒಮ್ಮೆ, ಬಾಕಿ ಇನ್ನೊಮ್ಮೆ ಬಂದಿದ್ದರೆ ಎರಡನ್ನೂ ಜೋಡಿಸಬೇಕು. ನಡುವಿನ ಬ್ಯಾಂಕು 20, 25 ಡಾಲರ್ ಕಡಿದುಕೊಂಡಿದ್ದರೆ ಅದನ್ನು ಬ್ಯಾಂಕ್ ಚಾರ್ಜ್ ಅಂತ ತೋರಿಸಿ ಮುಚ್ಚಿಸಿ. ಆ ಸಣ್ಣ ಮೊತ್ತ ತೆರೆದೇ ಉಳಿದರೆ ಇಡೀ ಬಿಲ್ ತೆರೆದಂತೆ ಲೆಕ್ಕ. ಬಿಲ್ ಮುಚ್ಚಿದ ಮೇಲೆ ಇ–ಬಿಆರ್‌ಸಿ, ಅಂದರೆ ರಫ್ತಿನ ದುಡ್ಡು ಬಂತು ಅನ್ನುವ ಪ್ರಮಾಣಪತ್ರ, ತೆಗೆದು ಆ ಲಾಟಿನ ಫೈಲಿಗೆ ಹಾಕಿ, ಫೈಲಿನ ಮೇಲೆ ಲಾಟ್ ನಂಬರ್ ಬರೆದು ಕಪಾಟಿಗೆ ಸೇರಿಸಿ. ಸೀಲ್ ಮಾಡಿ ಇಟ್ಟಿದ್ದ ಅರ್ಧ ಕೆಜಿ ಸ್ಯಾಂಪಲ್ ಅನ್ನು ಅಡುಗೆಮನೆಗೆ ಕೊಡುವುದು ಅದಾದ ಮೇಲೆಯೇ.